ಹಿತ್ತಲ ಕೋಳಿಗೆ ನುಸಿ ಹತ್ತಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿತ್ತಲಲ್ಲಿ ಐದಾರು ನಾಟಿ ಕೋಳಿ, ಜೊತೆಗೆ ಒಂದೆರಡು ಗಿರಿರಾಜ, ಸ್ವರ್ಣಧಾರೆಯಂಥ ಸುಧಾರಿತ ತಳಿಯ ಕೋಳಿ ಸಾಕಿಕೊಂಡವರಿಗಾಗಿ ಇದು. ಸಾವಿರಗಟ್ಟಲೆ ಕೋಳಿಯ ಫಾರಂ ಲೆಕ್ಕವೇ ಬೇರೆ, ಅದು ಇಲ್ಲಿಲ್ಲ. ನುಸಿ ವಿಷಯ ಕೇಳುವವರೆಲ್ಲ "ಯಾವ ಔಷಧಿ ಹೊಡೀಲಿ?" ಅಂತಲೇ ಶುರುಮಾಡುತ್ತಾರೆ. ನನ್ನ ಮರುಪ್ರಶ್ನೆ ಯಾವಾಗಲೂ ಒಂದೇ: ನುಸಿ ಎಲ್ಲಿದೆ ನೋಡಿದಿರಾ? ಗೂಡಲ್ಲಾ, ಮೈಮೇಲಾ, ಕಾಲಲ್ಲಾ? ಅದು ಗೊತ್ತಿಲ್ಲದೆ ಹೊಡೆದ ಔಷಧಿ ದುಡ್ಡು ದಂಡ.

ಕೋಳಿಗೆ ನುಸಿ ಹತ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಸಂಜೆ ಹೊತ್ತು ನೋಡಿ. ದಿನಾ ತಾವಾಗಿಯೇ ಗೂಡಿಗೆ ಹೋಗುತ್ತಿದ್ದ ಕೋಳಿಗಳು ಬಾಗಿಲ ಹತ್ತಿರ ಹೋಗಿ ವಾಪಸ್ ಬರುತ್ತವೆ. ಓಡಿಸಿದರೆ ನುಗ್ಗೆ ಮರವನ್ನೋ ದನದ ಕೊಟ್ಟಿಗೆಯ ಅಟ್ಟವನ್ನೋ ಹತ್ತಿ ಕೂರುತ್ತವೆ. ಸುಮ್ನೆ ಹಟ ಅಂದುಕೊಳ್ಳಬೇಡಿ. ರಾತ್ರಿಯೆಲ್ಲ ಕಚ್ಚಿಸಿಕೊಂಡ ಜಾಗಕ್ಕೆ ಯಾರು ತಾನೇ ಹೋಗುತ್ತಾರೆ?

ಆಮೇಲೆ ಜುಟ್ಟು ನೋಡಿ. ಕೆಂಪಗಿದ್ದ ಜುಟ್ಟು ಮಾಸಲು ಗುಲಾಬಿಗೆ ತಿರುಗಿದ್ದರೆ ರಕ್ತ ಕಡಿಮೆಯಾಗಿದೆ ಅಂತ ಅರ್ಥ. ಮೊಟ್ಟೆ ಕಡಿಮೆಯಾಗುತ್ತದೆ. ಕೋಳಿ ಕೂತಲ್ಲಿ ಕೂರದೆ ಕೊಕ್ಕು ಹಾಕಿ ಮೈ ಕೆದಕಿಕೊಳ್ಳುತ್ತದೆ. ಕಾವಿಗೆ ಕೂತ ಹೇಟೆ ನಡುವೆ ಎದ್ದು ಹೋಗಿ ಮತ್ತೆ ಬರುವುದೇ ಇಲ್ಲ. ಮೊಟ್ಟೆಯ ಸಿಪ್ಪೆ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದರೆ ರಕ್ತ ಕುಡಿದ ನುಸಿ ಕೋಳಿಯ ಮೈಯಡಿ ಸಿಕ್ಕಿ ಜಜ್ಜಿಹೋಗಿದೆ ಅಂತ ಲೆಕ್ಕ.

ಮೊಟ್ಟೆ ಇಡುವುದು ನಿಲ್ಲಲು, ಜುಟ್ಟು ಬಿಳಿಚಲು ಬೇರೆ ಕಾರಣಗಳೂ ಇವೆ. ಗರಿ ಉದುರಿಸುವ ಕಾಲ, ಹೊಟ್ಟೆಯ ಜಂತುಹುಳ, ವಯಸ್ಸು. ಹಾಗಾಗಿ ಕಣ್ಣಾರೆ ನುಸಿ ಕಾಣುವವರೆಗೆ ತೀರ್ಮಾನ ಬೇಡ.

ಹಗಲು ಎಷ್ಟು ಹುಡುಕಿದರೂ ಒಂದೂ ಸಿಗಲ್ಲ. ಮತ್ತೆ ನುಸಿ ಎಲ್ಲಿ?

ಕೆಂಪು ನುಸಿ ಹಗಲು ಕೋಳಿಯ ಮೇಲೆ ಇರುವುದೇ ಅಪರೂಪ. ಗೂಡಿನ ಸಂದಿಗೊಂದಿಯಲ್ಲಿ ಮಲಗಿರುತ್ತದೆ. ಕತ್ತಲಾದ ಮೇಲೆ ಹೊರಬಂದು, ಅರ್ಧ ಗಂಟೆಯಿಂದ ಒಂದು ಗಂಟೆ ರಕ್ತ ಹೀರಿ, ಮತ್ತೆ ಸಂದಿಗೆ ವಾಪಸ್.

ಹಾಗಾಗಿ ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಹೋಗಿ. ಕೋಳಿ ಕೂರುವ ಗಳದ ಅಡಿಭಾಗಕ್ಕೆ ಒಂದು ಬಿಳಿ ಬಟ್ಟೆ ಒತ್ತಿ ಎಳೆಯಿರಿ. ಬಟ್ಟೆ ಮೇಲೆ ಕೆಂಪು ಗೆರೆ ಮೂಡಿದರೆ ಅದು ನಿಮ್ಮ ಕೋಳಿಯದೇ ರಕ್ತ. ಗಳ ಗೋಡೆಗೆ ಸೇರುವ ಮೂಲೆ, ಕಟ್ಟಿದ ಹಗ್ಗದ ಗಂಟು, ಬಿದಿರು ಸೀಳಿದ ಬಿರುಕು, ಮೊಳೆಯ ಸುತ್ತ ಬೆಳಕು ಬಿಡಿ. ಹೊಟ್ಟೆ ತುಂಬಿದ್ದು ಕೆಂಪಗೆ, ಹಸಿದದ್ದು ಬೂದು ಬಣ್ಣಕ್ಕೆ, ಒಂದು ಮಿಲಿಮೀಟರಿಗಿಂತ ಚಿಕ್ಕವು ಹರಿದಾಡುತ್ತಿರುತ್ತವೆ. ಹಗಲಲ್ಲಿ ಅದೇ ಜಾಗದಲ್ಲಿ ಉಪ್ಪು, ಕರಿಮೆಣಸಿನ ಪುಡಿ ಬೆರೆಸಿ ಚೆಲ್ಲಿದ ಹಾಗೆ ಬೂದು ಪುಡಿ ಕಾಣುತ್ತದೆ. ಅದು ನುಸಿಯ ಹಿಕ್ಕೆ ಮತ್ತು ಬಿಟ್ಟ ಪೊರೆ.

ರಾತ್ರಿ ಹೋಗಲು ಆಗದವರಿಗೆ ಇನ್ನೊಂದು ದಾರಿ ಇದೆ. ರಟ್ಟಿನ ಪೆಟ್ಟಿಗೆಯ ಒಳಗೆ ಅಲೆಅಲೆಯಾದ ಹಾಳೆ ಇರುತ್ತದಲ್ಲ, ಅದನ್ನು ಅಂಗೈ ಅಗಲ ಕತ್ತರಿಸಿ ಗಳದ ಕೆಳಗೆ ದಾರದಿಂದ ಕಟ್ಟಿ. ಎರಡು ದಿನ ಬಿಟ್ಟು ಬಿಚ್ಚಿ, ಬಿಳಿ ತಟ್ಟೆಯ ಮೇಲೆ ಕೊಡವಿ. ನುಸಿ ಇದ್ದರೆ ಆ ಕೊಳವೆಗಳಲ್ಲಿ ಸೇರಿಕೊಂಡಿರುತ್ತದೆ. ನೋಡಿದ ಮೇಲೆ ರಟ್ಟನ್ನು ಒಲೆಗೆ ಹಾಕಿ.

ನುಸಿ ಅಂದರೆ ಎಲ್ಲ ಒಂದೇ ಅಲ್ವಾ?

ಅಲ್ಲ. ನಮ್ಮ ಕಡೆ ಹಿತ್ತಲ ಕೋಳಿಗೆ ಕಾಟ ಕೊಡುವುದು ಮುಖ್ಯವಾಗಿ ಮೂರು ಬಗೆ.

ಒಂದು, ಈಗ ಹೇಳಿದ ಕೆಂಪು ನುಸಿ. ಅದರ ಮನೆ ಗೂಡು, ಊಟ ಕೋಳಿ. ಎರಡನೆಯದು ಕೋಳಿಯ ಮೈಮೇಲೇ ಸಂಸಾರ ಮಾಡುವ ನುಸಿ. ಮೊಟ್ಟೆ ಬರುವ ದ್ವಾರದ ಸುತ್ತ ಗರಿ ಬಿಡಿಸಿ ನೋಡಿದರೆ ಹಗಲಲ್ಲೇ ಕಾಣುತ್ತದೆ. ಜಾಸ್ತಿಯಾದಾಗ ಅಲ್ಲಿನ ಗರಿ ಕಪ್ಪಾಗಿ ಅಂಟಂಟಾಗುತ್ತದೆ, ಚರ್ಮದ ಮೇಲೆ ಹೆಕ್ಕಳೆ ಕಟ್ಟುತ್ತದೆ. ಮೂರನೆಯದು ಕಾಲಿನ ನುಸಿ. ಇದು ಕಾಲಿನ ಚಿಪ್ಪುಗಳ ಅಡಿ ಕೊರೆದುಕೊಂಡು ಒಳಗೇ ಇರುತ್ತದೆ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಕಾಲು ದಪ್ಪಗಾಗಿ ಸುಣ್ಣ ಮೆತ್ತಿದ ಹಾಗೆ ಆಗುವುದಷ್ಟೇ ಗುರುತು.

ಕೆಂಪು ನುಸಿಗೆ ಗೂಡಿನ ಚಿಕಿತ್ಸೆ. ಮೈಯ ನುಸಿಗೆ ಕೋಳಿಯ ಚಿಕಿತ್ಸೆ, ಜೊತೆಗೆ ಮೊಟ್ಟೆ ಇಡುವ ಬುಟ್ಟಿಯದ್ದು. ಕಾಲಿನ ನುಸಿಗೆ ಕಾಲಿಗೆ ಮಾತ್ರ.

ಹೇನಿಗೂ ನುಸಿಗೂ ಏನು ವ್ಯತ್ಯಾಸ?

ಕೋಳಿ ಹೇನು ಎರಡು ಮೂರು ಮಿಲಿಮೀಟರ್ ಉದ್ದ, ಒಣಹುಲ್ಲಿನ ಬಣ್ಣ, ಆರು ಕಾಲು. ಗರಿ ಬಿಡಿಸಿದ ತಕ್ಷಣ ಸರಸರ ಓಡುತ್ತದೆ. ಮೊಟ್ಟೆಯನ್ನು ಗರಿಯ ಬುಡಕ್ಕೆ ಬಿಳಿ ಗೊಂಚಲಾಗಿ ಅಂಟಿಸುತ್ತದೆ. ನುಸಿ ಅದಕ್ಕಿಂತ ತುಂಬಾ ಚಿಕ್ಕದು, ಬೆಳೆದದ್ದಕ್ಕೆ ಎಂಟು ಕಾಲು. ಹೇನು ಹೆಚ್ಚಾಗಿ ಗರಿ ಮತ್ತು ಚರ್ಮದ ಹೊಟ್ಟು ತಿಂದು ಬದುಕುತ್ತದೆ, ಕೋಳಿ ಬಿಟ್ಟರೆ ಬಹಳ ದಿನ ಉಳಿಯಲ್ಲ. ಹಾಗಾಗಿ ಹೇನಿಗೆ ಕೋಳಿಯನ್ನು ನೋಡಿಕೊಂಡರೆ ಬಹುಪಾಲು ಕೆಲಸ ಮುಗಿಯಿತು.

ಕಣ್ಣು, ಜುಟ್ಟಿನ ಸುತ್ತ ಕಪ್ಪು ಚುಕ್ಕೆಗಳು ಗುಂಪಾಗಿ ಅಂಟಿವೆ. ಇದೂ ನುಸಿಯೇ?

ಅದು ಕೋಳಿ ಚಿಗಟ. ತಲೆ ಚರ್ಮಕ್ಕೆ ಚುಚ್ಚಿಕೊಂಡು ಅಲ್ಲೇ ಕೂತಿರುತ್ತದೆ, ಕೈಯಾಡಿಸಿದರೂ ಹಾರಲ್ಲ. ವ್ಯಾಸಲೀನ್ ದಪ್ಪಗೆ ಹಚ್ಚಿದರೆ ಉಸಿರುಕಟ್ಟಿ ಸಾಯುತ್ತದೆ. ಕಣ್ಣಿಗೆ ತಾಗದಂತೆ ಹಚ್ಚಿ. ಮರಿ ಹುಳ ಬೆಳೆಯುವುದು ನೆಲದ ಒಣ ಮಣ್ಣಿನಲ್ಲಿ, ಆದ್ದರಿಂದ ಗೂಡಿನ ನೆಲ ಗುಡಿಸಿ ತೆಗೆಯಬೇಕು.

ಇನ್ನು ಗೋಡೆ ಬಿರುಕಲ್ಲಿ ಹುರುಳಿಕಾಳಿನಂತೆ ಚಪ್ಪಟೆಯಾಗಿ ದೊಡ್ಡದೇನಾದರೂ ಸಿಕ್ಕರೆ ಅದು ಕೋಳಿ ಉಣ್ಣೆ. ಅದೂ ರಾತ್ರಿ ಕಚ್ಚುವಂಥದ್ದೇ, ಜ್ವರದ ಕಾಯಿಲೆಯನ್ನೂ ಹರಡುತ್ತದೆ. ಕೋಳಿ ಹಸಿರು ಹಿಕ್ಕೆ ಹಾಕುತ್ತಾ ತೂಕಡಿಸುತ್ತಿದ್ದರೆ ಕಾಯಬೇಡಿ, ಪಶು ಆಸ್ಪತ್ರೆಗೆ ಒಯ್ಯಿರಿ.

ನಮ್ಮ ಮನೆ ಚೊಕ್ಕವಾಗಿದೆ. ಆದರೂ ಎಲ್ಲಿಂದ ಬಂತು?

ಚೊಕ್ಕ ಮನೆಗೂ ಬರುತ್ತದೆ. ಹೆಚ್ಚಾಗಿ ಸಂತೆಯಿಂದ. ಹತ್ತೂರಿನ ಕೋಳಿ ಒಂದೇ ಮಂಕರಿಯಲ್ಲಿ ತುಂಬಿರುತ್ತವೆ. ತಳಿಗೆಂದು ನೆಂಟರ ಮನೆಯಿಂದ ತಂದ ಹುಂಜ, ಎರವಲು ತಂದ ಬುಟ್ಟಿ, ಹಳೇ ಗೋಣಿಚೀಲ, ಮೊಟ್ಟೆ ಟ್ರೇ, ಎಲ್ಲದರ ಜೊತೆಗೂ ಬರಬಹುದು. ಹೆಂಚಿನ ಸಂದಿಯಲ್ಲಿ ಗುಬ್ಬಿ, ಗೊರವಂಕ, ಪಾರಿವಾಳ ಗೂಡು ಕಟ್ಟಿದ್ದರೆ ಮರಿ ಹಾರಿಹೋದ ಮೇಲೆ ಅಲ್ಲಿನ ನುಸಿ ಕೆಳಗಿರುವ ಕೋಳಿ ಹುಡುಕಿಕೊಂಡು ಇಳಿಯುತ್ತದೆ.

ಮೊಟ್ಟೆ ಫಾರಂನವರು ವಯಸ್ಸಾಯಿತೆಂದು ಕಡಿಮೆ ಬೆಲೆಗೆ ಮಾರುವ ಕೋಳಿ ತರುವವರು ಇನ್ನೊಂದು ಗಮನಿಸಿ. ಅವಕ್ಕೆ ಕೊಕ್ಕಿನ ತುದಿ ಕತ್ತರಿಸಿರುತ್ತಾರೆ. ಕೊಕ್ಕಿಲ್ಲದ ಕೋಳಿ ಗರಿ ಸರಿಯಾಗಿ ಹಿಕ್ಕಿಕೊಳ್ಳಲಾರದು, ಹೀಗಾಗಿ ಅದರ ಮೈಮೇಲೆ ಹೇನು, ನುಸಿ ಬೇಗ ಹೆಚ್ಚುತ್ತವೆ.

ಹೊಸ ಕೋಳಿ ಯಾವುದೇ ಬರಲಿ, ಎರಡು ವಾರ ಬೇರೆ ಇಡಿ. ಬೇರೆ ಅಂದರೆ ಅದೇ ಗೂಡಿನ ಇನ್ನೊಂದು ಮೂಲೆ ಅಲ್ಲ.

ಸರಿ, ಕೆಂಪು ನುಸಿ ಅಂತ ಖಾತ್ರಿಯಾಯಿತು. ಮೊದಲ ಕೆಲಸ ಏನು?

ಗೂಡು ಖಾಲಿ ಮಾಡುವುದು. ಬಿಸಿಲಿರುವ ದಿನ ಬೆಳಿಗ್ಗೆಯೇ ಶುರುಮಾಡಿ, ಸಂಜೆ ಕೋಳಿ ವಾಪಸ್ ಬರುವಷ್ಟರಲ್ಲಿ ಒಣಗಿರಬೇಕು.

ಹುಲ್ಲು, ಭತ್ತದ ಹೊಟ್ಟು, ಹಳೇ ಗೋಣಿ, ಅಡಿಕೆ ಹಾಳೆ, ಏನೇನು ಹಾಸಿದ್ದೀರೋ ಎಲ್ಲ ಹೊರಗೆ ತಂದು ಸುಡಿ. ತಿಪ್ಪೆಗೆ ಹಾಕಿದರೆ ಕೋಳಿ ಅಲ್ಲೇ ಹೋಗಿ ಕೆದರುತ್ತದೆ. ಗಳಗಳನ್ನು ಬಿಚ್ಚಿ. ಬಿಚ್ಚಲು ಬರದ ಹಾಗೆ ಮೊಳೆ ಹೊಡೆದಿದ್ದರೆ ಮೊಳೆ ಕೀಳಿ, ಯಾಕೆಂದರೆ ನುಸಿಯ ದೊಡ್ಡ ಸಂತೆ ಸೇರುವುದೇ ಆ ಕೂಡುಜಾಗದಲ್ಲಿ. ಹಗ್ಗ ಬಳಸಿ ಕಟ್ಟಿದ್ದರೆ ಹಗ್ಗವನ್ನೂ ಬೆಂಕಿಗೆ ಹಾಕಿ, ಹೊಸದು ಕಟ್ಟಿ. ಸೀಳುಬಿಟ್ಟ ಬಿದಿರು ಉಳಿಸಿಕೊಳ್ಳುವ ಆಸೆ ಬೇಡ.

ಆಮೇಲೆ ಕುದಿಯುವ ನೀರು. ಹಂಡೆ ತುಂಬಾ ಕಾಯಿಸಿ, ಗಳದ ಮೇಲೆ, ಮೂಲೆಗಳಿಗೆ, ಬಾಗಿಲ ಕೀಲಿಗೆ ಸುರಿಯಿರಿ. ನುಸಿಗೂ ಅದರ ಮೊಟ್ಟೆಗೂ ಇಷ್ಟು ಅಗ್ಗದ ಔಷಧಿ ಬೇರೆ ಇಲ್ಲ. ಆದರೆ ನೀರು ಬಿಸಿ ಆರಿದ್ದರೆ ಪ್ರಯೋಜನವಿಲ್ಲ. ಕಬ್ಬಿಣದ ಪಂಜರವಾದರೆ ಕೆಲವರು ಗ್ಯಾಸ್ ಬರ್ನರ್‌ನ ಬೆಂಕಿ ಹಾಯಿಸುತ್ತಾರೆ. ಮರದ ಗೂಡಿಗೆ, ಹುಲ್ಲಿನ ಮಾಡಿಗೆ ಅದು ಬೇಡ, ಮನೆಗೇ ಹತ್ತೀತು.

ಒಣಗಿದ ಮೇಲೆ ಬಿರುಕುಗಳಿಗೆ ಮಣ್ಣೋ ಸಿಮೆಂಟೋ ಮೆತ್ತಿ, ಗೋಡೆಗೆ ಗಟ್ಟಿಯಾಗಿ ಸುಣ್ಣ ಬಳಿಯಿರಿ. ಸುಣ್ಣದ ಮುಖ್ಯ ಉಪಕಾರ ಅಂದರೆ ಸಂದಿ ಮುಚ್ಚುವುದು. ಹಸಿ ಸುಣ್ಣಕ್ಕೆ ಕೋಳಿಯ ಪಾದ ತಾಗಬಾರದು. ಬೇಕೆನಿಸಿದರೆ ಔಷಧಿ ಸಿಂಪಡಣೆ ಇಷ್ಟೆಲ್ಲ ಆದ ಮೇಲೆ. ಕಸ ತುಂಬಿದ ಗೂಡಿಗೆ ಔಷಧಿ ಹೊಡೆದರೆ ಕಸಕ್ಕೆ ಹೊಡೆದ ಹಾಗೆ, ಸಂದಿಯ ನುಸಿಗೆ ಮುಟ್ಟುವುದೇ ಇಲ್ಲ.

ಗಳಗಳನ್ನು ಗೋಡೆಗೆ ತಾಗಿಸದೆ ಕಾಲಿನ ಮೇಲೆ ನಿಲ್ಲಿಸಿ, ಆ ಕಾಲುಗಳನ್ನು ಎಣ್ಣೆ ಹಾಕಿದ ತಗಡಿನ ಡಬ್ಬಿಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಅಡುಗೆಮನೆಯ ಬೀರುವಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಅದೇ ಉಪಾಯ.

ಒಂದು ಸಲ ಮಾಡಿದೆವು. ವಾರಕ್ಕೆ ಮತ್ತೆ ಬಂತು. ಔಷಧಿ ಡೂಪ್ಲಿಕೇಟಾ?

ಇರಲಾರದು. ಬೆಚ್ಚಗಿನ ಹವೆಯಲ್ಲಿ ಕೆಂಪು ನುಸಿ ಮೊಟ್ಟೆಯಿಂದ ಬೆಳೆದು ತಾನೂ ಮೊಟ್ಟೆಯಿಡುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು. ಮೈಮೇಲಿನ ನುಸಿಗೆ ಒಂದು ವಾರವೂ ಬೇಡ. ಹೆಚ್ಚಿನ ಔಷಧಿಗಳು ಓಡಾಡುವ ನುಸಿಯನ್ನು ಕೊಲ್ಲುತ್ತವೆ, ಮೊಟ್ಟೆಯನ್ನಲ್ಲ. ನೀವು ಭಾನುವಾರ ಹೊಡೆದಿರಿ, ಮೊಟ್ಟೆಯೊಳಗಿದ್ದದ್ದು ಮಂಗಳವಾರ ಹೊರಬಂತು, ಮುಂದಿನ ಭಾನುವಾರಕ್ಕೆ ಅದರದೇ ಸಂಸಾರ.

ಆದ್ದರಿಂದ ಐದರಿಂದ ಏಳು ದಿನದೊಳಗೆ ಎರಡನೇ ಸಲ, ಅದಾದ ವಾರಕ್ಕೆ ಮೂರನೇ ಸಲ. ಎರಡನೇ ಸಲ ತಪ್ಪಿಸಿದರೆ ಮೊದಲನೆಯದೂ ವ್ಯರ್ಥ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಬರೆದರೂ ಸರಿ.

ಕೋಳಿಗಳನ್ನು ಬೇರೆ ಕಡೆ ಇಟ್ಟು, ಗೂಡನ್ನು ಒಂದು ತಿಂಗಳು ಖಾಲಿ ಬಿಟ್ಟರೆ ನುಸಿ ಹಸಿದು ಸಾಯಲ್ವಾ?

ಸಾಯಲ್ಲ. ತಂಪಿನ ಜಾಗದಲ್ಲಿ ಕೆಂಪು ನುಸಿ ರಕ್ತವಿಲ್ಲದೆ ಏಳೆಂಟು ತಿಂಗಳು ಬದುಕಬಲ್ಲದು. ಕಡು ಬೇಸಿಗೆಯಲ್ಲಿ ಅಷ್ಟು ತಡೆಯುವುದಿಲ್ಲ, ಆದರೂ ಒಂದು ತಿಂಗಳನ್ನು ನಂಬಿ ಕೂರಬೇಡಿ. ವರ್ಷಗಟ್ಟಲೆ ಪಾಳುಬಿದ್ದ ಗೂಡಾದರೂ ಕೋಳಿ ಬಿಡುವ ಮೊದಲು ಬಿಸಿನೀರು ಹಾಕಿ.

ಅಜ್ಜಿ ಕಾಲದಿಂದ ಬೂದಿ ಹಾಕುತ್ತಿದ್ದರು. ಅದು ಸಾಕಾ?

ಬೂದಿ ಒಳ್ಳೆಯದು. ಕೋಳಿ ಮಣ್ಣು ಕೆದರಿ, ಗುಂಡಿ ಮಾಡಿ, ರೆಕ್ಕೆ ಬಡಿದು ಹೊರಳಾಡುವುದು ಆಟವಲ್ಲ, ಅದೇ ಅದರ ಸ್ನಾನ. ಧೂಳು ಗರಿಯ ಬುಡಕ್ಕೆ ಇಳಿದು ಹೇನು ನುಸಿಯ ಮೈಯ ಜಿಡ್ಡನ್ನು ಹೀರಿ ಒಣಗಿಸುತ್ತದೆ. ಮಳೆ ಬೀಳದ ಸೂರಿನ ಅಡಿ ಒಂದು ಅಗಲ ಗುಂಡಿ ಮಾಡಿ ಸಣ್ಣ ಮರಳು, ಒಣ ಮಣ್ಣು, ಜರಡಿ ಹಿಡಿದ ಸೌದೆ ಬೂದಿ ಬೆರೆಸಿ. ಬೂದಿ ತಣ್ಣಗಿರಬೇಕು, ಒಣಗಿರಬೇಕು. ನೆನೆದ ಬೂದಿ ಚರ್ಮ ಸುಡುತ್ತದೆ. ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡವೇ ಬೇಡ.

ಇದಕ್ಕೆ ಸ್ವಲ್ಪ ಗಂಧಕದ ಪುಡಿ ಸೇರಿಸಿದರೆ ಮೈಮೇಲಿನ ನುಸಿಗೆ ಚೆನ್ನಾಗಿ ತಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕೋಳಿಗಳಿಗೆ ಗಂಧಕ ಹಾಕಿದ ಧೂಳಿನ ಪೆಟ್ಟಿಗೆ ಇಟ್ಟು ನೋಡಿದ ಪ್ರಯೋಗಗಳಲ್ಲಿ ನುಸಿ ಚೆನ್ನಾಗಿ ಇಳಿದಿದೆ. ನಮ್ಮಲ್ಲಿ ದ್ರಾಕ್ಷಿ ಬೆಳೆಯುವವರಿಗೆ ಗಂಧಕ ಹೊಸದಲ್ಲ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಕಣ್ಣಿಗೆ ಉರಿ ಬರುತ್ತದೆ, ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಆದರೆ ಕೆಂಪು ನುಸಿಗೆ ಈ ಗುಂಡಿ ಮಾತ್ರ ಸಾಲದು. ಹಗಲು ಸ್ನಾನ ಮಾಡುವ ಹೊತ್ತಿಗೆ ಆ ನುಸಿ ಮೈಮೇಲೆ ಇರುವುದೇ ಇಲ್ಲವಲ್ಲ.

ಬೇವಿನ ಎಣ್ಣೆ ಕೆಲಸ ಮಾಡುತ್ತಾ?

ಸ್ವಲ್ಪ ಮಟ್ಟಿಗೆ, ನುಸಿಯ ಮೇಲೆ ನೇರವಾಗಿ ಬಿದ್ದರೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಚಮಚ, ಆಮೇಲೆ ಬೇವಿನ ಎಣ್ಣೆ ಎರಡು ಚಮಚ ಹಾಕಿ ಚೆನ್ನಾಗಿ ಕಡೆಯಿರಿ. ಸೋಪಿಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ, ನೀವು ಬರೀ ನೀರು ಹೊಡೆದಂತಾಗುತ್ತದೆ. ಬೆರೆಸಿದ್ದನ್ನು ಅಂದೇ ಖಾಲಿ ಮಾಡಿ. ಗಳ, ಮೂಲೆ, ಬುಟ್ಟಿಗೆ ಹೊಡೆಯಿರಿ, ಮೂರು ನಾಲ್ಕು ದಿನಕ್ಕೊಮ್ಮೆ ಮತ್ತೆ ಮಾಡಿ. ಕೋಳಿಯ ಮೈಗೆ ಎಣ್ಣೆ ಸುರಿದು ಗರಿ ಅಂಟಿಸಬೇಡಿ.

ಬುಟ್ಟಿಗೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಸುವ ಅಭ್ಯಾಸ ಇದ್ದರೆ ಬಿಡಬೇಡಿ. ನುಸಿ ಬರುವ ಮೊದಲು ಅದು ಸರಿ. ಬಂದ ಮೇಲೆ ಸೊಪ್ಪು ನೆಚ್ಚಿಕೊಂಡರೆ ಆಗಲ್ಲ.

ಹೊಗೆಸೊಪ್ಪಿನ ಕಷಾಯ, ಸೀತಾಫಲದ ಬೀಜ, ಸೀಮೆಎಣ್ಣೆ?

ಮೂರೂ ಹುಳವನ್ನು ಕೊಲ್ಲುತ್ತವೆ ನಿಜ. ಹೊಗೆಸೊಪ್ಪಿನ ನಿಕೋಟಿನ್ ಕೋಳಿಗೂ ವಿಷ, ಕಷಾಯ ಎಷ್ಟು ಗಟ್ಟಿ ಅಂತ ಅಳೆಯಲು ಮನೆಯಲ್ಲಿ ದಾರಿಯಿಲ್ಲ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕೋಳಿಗೂ ನಿಮಗೂ ದೃಷ್ಟಿಗೇ ಕುತ್ತು. ಸೀಮೆಎಣ್ಣೆ, ಪೆಟ್ರೋಲ್, ಗಾಡಿಯ ಹಳೇ ಆಯಿಲ್ ಚರ್ಮ ಸುಡುತ್ತವೆ. ಕಾಲಿನ ನುಸಿಗೆ ಸೀಮೆಎಣ್ಣೆಯಲ್ಲಿ ಅದ್ದಿ ಎನ್ನುವ ಸಲಹೆ ಇನ್ನೂ ಓಡಾಡುತ್ತಿದೆ. ದಯವಿಟ್ಟು ಮಾಡಬೇಡಿ.

ಮೊದಲೆಲ್ಲ ಗಮ್ಯಾಕ್ಸಿನ್ ಪುಡಿ ಉಜ್ಜಿದರೆ ಹೋಗುತ್ತಿತ್ತು. ಈಗ ಯಾಕೆ ಸಿಗಲ್ಲ?

ಗಮ್ಯಾಕ್ಸಿನ್ ಅಂದರೆ ಬೆಂಜೀನ್ ಹೆಕ್ಸಾಕ್ಲೋರೈಡ್ ಎಂಬ ಕೀಟನಾಶಕ, ಬಿಎಚ್‌ಸಿ. ಅದನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಿದರು. ಕೊಬ್ಬಿನಲ್ಲಿ, ಮೊಟ್ಟೆಯಲ್ಲಿ ಉಳಿದುಕೊಂಡು ತಿಂದವರ ಮೈ ಸೇರುವ ವಿಷ ಅದು. ಹಳೇ ಕೋಳಿ ಸಾಕಣೆ ಪುಸ್ತಕಗಳಲ್ಲಿ ಕಾರ್ಬರಿಲ್ ಪುಡಿಯ ಹೆಸರೂ ಇರುತ್ತದೆ, ಅದನ್ನು 2018ರಲ್ಲಿ ನಿಷೇಧಿಸಿದ್ದಾರೆ. ಅಟ್ಟದ ಮೇಲೆ ಹಳೇ ಡಬ್ಬಿ ಸಿಕ್ಕಿತು ಅಂತ ಬಳಸಬೇಡಿ.

ನಾಯಿಯ ಕತ್ತಿಗೆ ಹಾಕುವ ಡ್ರಾಪ್ಸ್ ಒಂದೇ ಹನಿ ಹಾಕಿದರೆ?

ಅಂಥ ಹಲವು ಡ್ರಾಪ್ಸ್‌ನಲ್ಲಿ ಇರುವುದು ಫಿಪ್ರೋನಿಲ್. ನುಸಿ ಸಾಯುತ್ತದೆ, ಆದರೆ ಔಷಧಿ ಮೊಟ್ಟೆಗೆ ಇಳಿಯುತ್ತದೆ. 2017ರಲ್ಲಿ ಯೂರೋಪಿನಲ್ಲಿ ನಡೆದದ್ದು ಇದೇ. ನೆದರ್‌ಲ್ಯಾಂಡ್ಸ್, ಬೆಲ್ಜಿಯಂನ ಕೋಳಿ ಫಾರಂಗಳಲ್ಲಿ ಕೆಂಪು ನುಸಿಗೆಂದು ಬಳಸಿದ ಔಷಧಿಯಲ್ಲಿ ಕಾನೂನುಬಾಹಿರವಾಗಿ ಫಿಪ್ರೋನಿಲ್ ಬೆರೆಸಲಾಗಿತ್ತು. ಲಕ್ಷಗಟ್ಟಲೆ ಮೊಟ್ಟೆ ಅಂಗಡಿಗಳಿಂದ ವಾಪಸ್ ತರಿಸಿ ನಾಶ ಮಾಡಬೇಕಾಯಿತು. ಅಲ್ಲಿ ಪರೀಕ್ಷೆ ಮಾಡಿದ್ದಕ್ಕೆ ಗೊತ್ತಾಯಿತು. ನಿಮ್ಮ ಹಿತ್ತಲ ಮೊಟ್ಟೆಯನ್ನು ಯಾರು ಪರೀಕ್ಷೆ ಮಾಡುತ್ತಾರೆ? ಅದು ನೇರ ಮಕ್ಕಳ ತಟ್ಟೆಗೇ ಹೋಗುವುದು.

ದನದ ಉಣ್ಣೆಗೆ ತಂದ ಬಾಟಲಿ ಮನೆಯಲ್ಲಿದೆ. ಅದನ್ನೇ ಹೊಡೆಯಬಹುದಾ?

ಬಾಟಲಿ ಮೇಲೆ ಯಾವ ಔಷಧಿ ಅಂತ ಓದಿ. ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್ ಆದರೆ ಖಾಲಿ ಮಾಡಿ ತೊಳೆದ ಗೂಡಿಗೆ ಹೊಡೆಯಬಹುದು. ಕೋಳಿ, ನೀರಿನ ಬಟ್ಟಲು, ಮೇವು, ಮೊಟ್ಟೆ ಎಲ್ಲ ಹೊರಗಿರಬೇಕು, ಪೂರ್ತಿ ಒಣಗಿದ ಮೇಲೆಯೇ ಒಳಗೆ ಬಿಡಬೇಕು. ಪ್ರಮಾಣ ಲೇಬಲ್ ಮೇಲಿರುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಸಾಯುತ್ತದೆ ಎನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಕೋಳಿಯ ಮೈಗೆ ಹೊಡೆಯಬೇಕೆಂದರೆ ಮೊದಲು ಪಶುವೈದ್ಯರನ್ನು ಕೇಳಿ. ಅಮಿಟ್ರಾಜ್ ಆಗಿದ್ದರೆ ಅವರು ಹೇಳದೆ ಮುಟ್ಟಲೇಬೇಡಿ.

ಈ ಔಷಧಿಗಳು ಮೀನಿಗೆ, ಜೇನುಹುಳಕ್ಕೆ ಭಾರೀ ವಿಷ. ಪಂಪನ್ನು ಕೆರೆಯಲ್ಲೋ ಹಳ್ಳದಲ್ಲೋ ತೊಳೆಯಬೇಡಿ. ಹಿತ್ತಲಲ್ಲಿ ಜೇನುಪೆಟ್ಟಿಗೆ ಇದ್ದರೆ ಅತ್ತ ಗಾಳಿ ಬೀಸುವಾಗ ಹೊಡೆಯಬೇಡಿ. ಒಂದೇ ಔಷಧಿಯನ್ನು ವರ್ಷಾನುಗಟ್ಟಲೆ ಹೊಡೆದರೆ ನುಸಿ ಅದಕ್ಕೆ ಒಗ್ಗಿಕೊಳ್ಳುತ್ತದೆ, ಅದೂ ನೆನಪಿರಲಿ.

ಐವರ್‌ಮೆಕ್ಟಿನ್ ಕೊಟ್ಟರೆ ಎಲ್ಲ ಒಂದೇ ಏಟಿಗೆ ಹೋಗುತ್ತಂತೆ?

ಕಾಲಿನ ನುಸಿಗೆ ಒಳ್ಳೆಯ ಔಷಧಿ. ಮೈಮೇಲಿನದಕ್ಕೂ ವೈದ್ಯರು ಕೊಡುವುದುಂಟು. ಕೆಂಪು ನುಸಿಗೆ ಅಷ್ಟಕ್ಕಷ್ಟೇ, ಅದು ಅರ್ಧ ಗಂಟೆ ರಕ್ತ ಕುಡಿದು ಹೋಗಿಬಿಡುತ್ತದೆ, ಕೋಳಿಯ ರಕ್ತದಲ್ಲಿ ಔಷಧಿ ಇರುವುದು ಕೆಲವೇ ದಿನ.

ಪ್ರಮಾಣದ ಕಷ್ಟ ನೋಡಿ. ಸಾಮಾನ್ಯವಾಗಿ ಒಂದು ಕೆಜಿ ತೂಕಕ್ಕೆ 0.2 ಮಿಲಿಗ್ರಾಂ ಅನ್ನುತ್ತಾರೆ. ಒಂದೂವರೆ ಕೆಜಿಯ ಹೇಟೆಗೆ 0.3 ಮಿಲಿಗ್ರಾಂ. ದನಕ್ಕೆ ಮಾರುವ 1% ಇಂಜೆಕ್ಷನ್ನಿನಲ್ಲಿ ಲೆಕ್ಕ ಹಾಕಿದರೆ 0.03 ಮಿ.ಲೀ., ಒಂದು ಹನಿಗಿಂತ ಕಡಿಮೆ! ಇದನ್ನು ಕಣ್ಣಳತೆಯಲ್ಲಿ ಕೊಡುವ ಧೈರ್ಯ ಯಾರೂ ಮಾಡಬಾರದು. ವೈದ್ಯರ ಕೈಯಲ್ಲೇ ಕೊಡಿಸಿ. ಮೊಟ್ಟೆ ಎಷ್ಟು ದಿನ ತಿನ್ನಬಾರದು ಅಂತ ಅಲ್ಲೇ ಕೇಳಿ ಬರೆದುಕೊಳ್ಳಿ. ಒಂದು ಹಳದಿ ಲೋಳೆ ದೊಡ್ಡದಾಗಿ ಬೆಳೆಯಲು ಸುಮಾರು ಹತ್ತು ದಿನ ಹಿಡಿಯುತ್ತದೆ. ಇವತ್ತು ಮೈಗೆ ಹೋದ ಔಷಧಿ ಮುಂದಿನ ವಾರದ ಮೊಟ್ಟೆಯಲ್ಲೂ ಇರುವುದು ಅದಕ್ಕೇ.

ಹುಂಜದ ಕಾಲು ಸುಣ್ಣ ಮೆತ್ತಿದ ಹಾಗಾಗಿದೆ, ಕುಂಟುತ್ತಿದೆ. ಏನು ಮಾಡಲಿ?

ಕಾಲಿನ ನುಸಿ. ಔಷಧಿ ಅಂಗಡಿಗೆ ಓಡುವ ಅಗತ್ಯವೇ ಇಲ್ಲ, ತಾಳ್ಮೆ ಬೇಕು.

ಸಂಜೆ ಕೋಳಿ ಸುಮ್ಮನಾದ ಮೇಲೆ ಒಬ್ಬರು ಗೋಣಿ ಸುತ್ತಿ ತೊಡೆಯ ಮೇಲೆ ಹಿಡಿದುಕೊಳ್ಳಿ. ಉಗುರುಬೆಚ್ಚಗಿನ ಸೋಪು ನೀರಲ್ಲಿ ಎರಡೂ ಕಾಲು ಐದು ಹತ್ತು ನಿಮಿಷ ಅದ್ದಿ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಉಜ್ಜಿ. ಸಡಿಲವಾದ ಹೊಟ್ಟು ತಾನಾಗಿ ಬರುತ್ತದೆ. ಬಾರದ್ದನ್ನು ಉಗುರಿನಿಂದ ಕೀಳಬೇಡಿ, ರಕ್ತ ಬರುತ್ತದೆ, ಗಾಯಕ್ಕೆ ನೊಣ ಕೂರುತ್ತದೆ. ಬಟ್ಟೆಯಿಂದ ಒರೆಸಿ ಒಣಗಿಸಿ. ಆಮೇಲೆ ವ್ಯಾಸಲೀನ್ ಅಥವಾ ಗಟ್ಟಿ ಕೊಬ್ಬರಿ ಎಣ್ಣೆಯನ್ನು ಬೆರಳ ಸಂದಿಯಿಂದ ಮಂಡಿಯವರೆಗೆ, ಎದ್ದ ಚಿಪ್ಪಿನ ಅಡಿಗೂ ಹೋಗುವಂತೆ ದಪ್ಪಗೆ ಬಳಿಯಿರಿ. ಗಾಳಿಯಾಡದೆ ನುಸಿ ಒಳಗೇ ಸಾಯುತ್ತದೆ.

ವಾರಕ್ಕೆ ಎರಡು ಮೂರು ಸಲ, ಮೂರು ನಾಲ್ಕು ವಾರ ಬಿಡದೆ ಮಾಡಿ. ಕುಂಟು ಮೊದಲು ಕಡಿಮೆಯಾಗುತ್ತದೆ. ಕಾಲಿನ ಅಂದ ಬರಲು ತಿಂಗಳುಗಳೇ ಬೇಕು, ಹಳೇ ಚಿಪ್ಪು ಬಿದ್ದು ಹೊಸದು ಬರಬೇಕಲ್ಲ. ಬಹಳ ಹಳೆಯದಾಗಿದ್ದರೆ ಕಾಲು ಸ್ವಲ್ಪ ಸೊಟ್ಟಗೇ ಉಳಿಯಬಹುದು. ಒಂದಕ್ಕಿದ್ದರೆ ಅದೇ ಗಳದ ಮೇಲೆ ಕೂರುವ ಎಲ್ಲಕ್ಕೂ ಹಚ್ಚಿ.

ಕೋಳಿ ಕಾವಿಗೆ ಕೂತಿದೆ, ಬುಟ್ಟಿ ತುಂಬಾ ನುಸಿ. ಎಬ್ಬಿಸಿದರೆ ಮೊಟ್ಟೆ ಹಾಳಾಗಲ್ವಾ?

ಎಬ್ಬಿಸದಿದ್ದರೆ ಹೇಟೆಯೇ ಹಾಳಾಗುತ್ತದೆ. 21 ದಿನ ಒಂದೇ ಕಡೆ ಕೂತ ಕೋಳಿ ನುಸಿಗೆ ಸಿಗುವ ಅತಿ ಸುಲಭದ ಊಟ. ಮೇವಿಗೆ ಅದು ತಾನಾಗಿ ಏಳುವ ಹೊತ್ತು ಕಾಯಿರಿ. ಹೊಸ ಬುಟ್ಟಿ, ಹೊಸ ಒಣ ಹುಲ್ಲು, ಅಡಿಯಲ್ಲಿ ಒಂದು ಹಿಡಿ ಬೂದಿ ಮೊದಲೇ ಸಿದ್ಧವಿರಲಿ. ಮೊಟ್ಟೆಗಳನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ ಹೊಸ ಬುಟ್ಟಿಗೆ ಇಟ್ಟು, ಹಳೆಯದನ್ನು ಹುಲ್ಲು ಸಮೇತ ಸುಡಿ. ಹೊಸ ಬುಟ್ಟಿ ಹಳೆಯದಿದ್ದ ಜಾಗದಲ್ಲೇ ಇರಬೇಕು, ಇಲ್ಲದಿದ್ದರೆ ಹೇಟೆ ಹುಡುಕಿಕೊಂಡು ಹಳೇ ಜಾಗಕ್ಕೇ ಹೋಗಿ ಕೂರುತ್ತದೆ. ಹದಿನೈದು ಇಪ್ಪತ್ತು ನಿಮಿಷ ಮೊಟ್ಟೆ ಆರಿದರೆ ಏನೂ ಆಗಲ್ಲ. ಮೊಟ್ಟೆಗೆ ಎಣ್ಣೆ, ಔಷಧಿ ತಾಗಿಸಬೇಡಿ. ಸಿಪ್ಪೆಯ ರಂಧ್ರದಿಂದ ಒಳಗೆ ಹೋಗುತ್ತದೆ.

ಸಣ್ಣ ಮರಿಗಳಿಗೆ?

ಮರಿ ಮೈಯಲ್ಲಿರುವ ರಕ್ತವೇ ಸ್ವಲ್ಪ, ನುಸಿ ಜಾಸ್ತಿಯಾದರೆ ಒಂದೆರಡು ರಾತ್ರಿಯಲ್ಲೇ ಸತ್ತಿರುತ್ತವೆ. ಮೈಗೆ ಯಾವ ಔಷಧಿಯೂ ಬೇಡ. ಆ ರಾತ್ರಿಯೇ ತಾಯಿ ಸಮೇತ ಬೇರೆ ಜಾಗಕ್ಕೆ, ಹೊಸ ರಟ್ಟಿನ ಪೆಟ್ಟಿಗೆಗೆ ಬದಲಾಯಿಸಿ. ಪೆಟ್ಟಿಗೆಯನ್ನು ಎರಡು ಮೂರು ದಿನಕ್ಕೊಮ್ಮೆ ಸುಟ್ಟು ಹೊಸದು ಇಡಿ.

ಮೊಟ್ಟೆ ತೆಗೆದ ಮೇಲೆ ಕೈಯೆಲ್ಲ ತುರಿಕೆ. ನಮಗೂ ಹತ್ತುತ್ತಾ?

ಕಚ್ಚುತ್ತದೆ, ಮನೆ ಮಾಡಲ್ಲ. ಕೋಳಿಯ ನುಸಿ ಮನುಷ್ಯರ ಮೈಮೇಲೆ ಮರಿ ಹಾಕಿ ಬೆಳೆಯುವುದಿಲ್ಲ. ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಗೂಡು ಮಲಗುವ ಕೋಣೆಯ ಗೋಡೆಗೆ ಅಂಟಿಕೊಂಡಿದ್ದರೆ, ಕೋಳಿ ಮಾರಿದ ಮೇಲೆ ಹಸಿದ ನುಸಿ ಕಿಟಕಿಯಿಂದ ಒಳಗೆ ಬರುವುದುಂಟು. ತುರಿಕೆ ವಾರವಾದರೂ ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಕೋಳಿ ಇದೆ ಅಂತ ಹೇಳಿ.

ಮಳೆಗಾಲದಲ್ಲಿ ಯಾಕೆ ಜಾಸ್ತಿ?

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಹೊರಳಾಡಲು ಒಣ ಮಣ್ಣೇ ಸಿಗಲ್ಲ. ಕೋಳಿ ದಿನವಿಡೀ ಗೂಡಲ್ಲೇ ಇರುತ್ತದೆ, ಒಳಗೆ ಬೆಚ್ಚಗೆ, ತೇವ. ಮೇ ತಿಂಗಳಲ್ಲೇ ಗೂಡು ತೊಳೆದು ಸುಣ್ಣ ಬಳಿದು, ಸೂರಿನಡಿ ಬೂದಿ ಗುಂಡಿ ಮಾಡಿಟ್ಟರೆ ಮಳೆಗಾಲ ಸುಸೂತ್ರ. ಬಯಲುಸೀಮೆಯವರು ಬೇಸಿಗೆಯಲ್ಲಿ ಬುಟ್ಟಿ, ಗಳಗಳನ್ನು ಬಿರುಬಿಸಿಲಿಗೆ ಹಾಕಿದರೆ ಅರ್ಧ ಕೆಲಸ ಸೂರ್ಯನೇ ಮಾಡುತ್ತಾನೆ.

ನುಸಿ ಹತ್ತಿದ ಕೋಳಿಯನ್ನು ತಿನ್ನಬಹುದಾ? ಮುಂದಿನ ವಾರ ಹರಕೆ ಇದೆ.

ನುಸಿ ಇತ್ತು ಅನ್ನುವುದಕ್ಕೆ ಮಾಂಸ, ಮೊಟ್ಟೆ ಕೆಡಲ್ಲ. ಕೇಳಬೇಕಾದದ್ದು ಔಷಧಿ ಹಾಕಿದ್ದೀರಾ ಅಂತ. ಹಾಕಿದ್ದರೆ ವೈದ್ಯರು ಹೇಳಿದ ದಿನ ಮುಗಿಯುವವರೆಗೆ ಕುಯ್ಯಬೇಡಿ. ಹಬ್ಬಕ್ಕೋ ಹರಕೆಗೋ ಅಂತ ಬಿಟ್ಟ ಕೋಳಿಯನ್ನು ಮೊದಲೇ ಬೇರೆ ಮಾಡಿ, ಬಿಸಿನೀರು, ಬೂದಿ, ವ್ಯಾಸಲೀನ್‌ನಲ್ಲೇ ಸುಧಾರಿಸಿ.

ಪಶುವೈದ್ಯರನ್ನು ಯಾವಾಗ ಕರೆಯಬೇಕು?

ಜುಟ್ಟು ಬಿಳಿಚಿ ಕೋಳಿ ನಿಲ್ಲಲಾರದೆ ಕೂತರೆ, ಒಂದಾದ ಮೇಲೊಂದು ಸಾಯುತ್ತಿದ್ದರೆ, ಮೂರು ಸುತ್ತು ಮಾಡಿದರೂ ನುಸಿ ಕಡಿಮೆಯಾಗದಿದ್ದರೆ. 1962ಕ್ಕೆ ಫೋನ್ ಮಾಡಿದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ ಸಿಗುತ್ತದೆ. ಹತ್ತಿರದ ಪಶು ಆಸ್ಪತ್ರೆಗೆ ಹೋಗುವುದಾದರೆ ಕೋಳಿಯ ಜೊತೆ, ಗಳದಿಂದ ಕೊಡವಿದ ನುಸಿಯನ್ನು ಮುಚ್ಚಳ ಬಿಗಿಯಾದ ಸಣ್ಣ ಬಾಟಲಿಯಲ್ಲಿ ಒಯ್ಯಿರಿ. "ಏನೋ ಹುಳ ಸಾರ್" ಅನ್ನುವುದಕ್ಕಿಂತ ಅದು ಮೇಲು. ಸತ್ತ ಕೋಳಿಗಳು ಜಾಸ್ತಿ ಇದ್ದರೆ ಅದು ಬರೀ ನುಸಿಯ ಕೆಲಸ ಅಂದುಕೊಂಡು ಸುಮ್ಮನಿರಬೇಡಿ, ಕೊಕ್ಕರೆ ರೋಗವೂ (ರಾಣಿಖೇತ್) ಇರಬಹುದು.

ಹೊಸ ಗೂಡು ಕಟ್ಟಿಸುತ್ತಿದ್ದೇನೆ. ನುಸಿ ಸೇರದ ಹಾಗೆ ಕಟ್ಟಲು ಆಗುತ್ತಾ?

ಪೂರ್ತಿ ತಡೆಯಲು ಆಗಲ್ಲ, ತೊಳೆಯಲು ಸುಲಭ ಮಾಡಿಕೊಳ್ಳಬಹುದು. ಗಳಗಳು ಮೊಳೆ ಇಲ್ಲದೆ, ಎತ್ತಿ ತೆಗೆಯುವಂತೆ ಇರಲಿ. ನಯಗೊಳಿಸಿದ ಗಟ್ಟಿ ಮರ ಸಾಕು. ಕಬ್ಬಿಣದ ಪೈಪ್ ಹಾಕಿದರೆ ಎರಡೂ ತುದಿ ಮುಚ್ಚಿಸಿ, ಇಲ್ಲದಿದ್ದರೆ ಪೈಪಿನ ಒಳಗೇ ನುಸಿ ಸೇರುತ್ತದೆ. ಗೋಡೆಗೆ ಒಳಗಡೆ ಗಾರೆ ಮಾಡಿಸಿ. ನೀವು ಬಗ್ಗಿ ಒಳಗೆ ಹೋಗುವಷ್ಟು ಬಾಗಿಲು ಇಡಿಸಿ, ಕೈ ಎಟುಕದ ಮೂಲೆಯನ್ನು ಯಾರೂ ತೊಳೆಯಲ್ಲ. ಹೆಂಚಿನ ಸಂದಿಗೆ ಜಾಲರಿ ಹೊಡೆಸಿದರೆ ಗುಬ್ಬಿ ಒಳಗೆ ಗೂಡು ಕಟ್ಟಲ್ಲ. ಗುಬ್ಬಿ ಬೇಕಾದರೆ ಹೊರಗಿನ ಮಾವಿನ ಮರಕ್ಕೆ ಒಂದು ಗಡಿಗೆ ಕಟ್ಟಿಕೊಡಿ.